ಕೀಮೋ ಮುಗಿದ ಮೇಲೆ ಸ್ತನದಲ್ಲಿ ಗಡ್ಡೆ ಎಷ್ಟು ಉಳಿದಿದೆ: ಅಲ್ಟ್ರಾಸೌಂಡ್‌ನಲ್ಲಿ ನೋಡುವ ಕ್ರಮ

ಶಸ್ತ್ರಚಿಕಿತ್ಸೆಗೆ ಮೊದಲೇ ಕೀಮೋ ಪಡೆದ ಸ್ತನವನ್ನು ಕೊನೆಯ ಸುತ್ತು ಮುಗಿದ ಮೇಲೆ ಸ್ಕ್ಯಾನ್ ಮಾಡುವಾಗ ಸರ್ಜನ್‌ಗೆ ಬೇಕಿರುವ ಉತ್ತರ ಎರಡು: ಗಡ್ಡೆ ಎಷ್ಟು ಉಳಿದಿದೆ, ಎಲ್ಲಿ ಉಳಿದಿದೆ. ಸರಿಯಾಗಿ ಮಾಡಿದರೆ ಅಲ್ಟ್ರಾಸೌಂಡ್ ಇವೆರಡಕ್ಕೂ ನಂಬಬಹುದಾದ ಉತ್ತರ ಕೊಡುತ್ತದೆ. ರೋಗಿ ಕೇಳುವುದು ಮೂರನೆಯ ಪ್ರಶ್ನೆ: ಪೂರ್ತಿ ಹೋಯಿತೇ? ಇದನ್ನು ಹೇಳುವ ಶಕ್ತಿ ಅಲ್ಟ್ರಾಸೌಂಡ್‌ಗೆ ಇಲ್ಲ, ಎಂಆರ್‌ಐಗೂ ಪೂರ್ತಿಯಾಗಿ ಇಲ್ಲ. ಅದು ತೆಗೆದ ಅಂಗಾಂಶವನ್ನು ಮೈಕ್ರೋಸ್ಕೋಪಿನಡಿ ನೋಡುವ ಪೆಥಾಲಜಿಸ್ಟ್ ಹೇಳಬೇಕಾದ ಮಾತು. ಈ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರೋಬ್ (ಚರ್ಮದ ಮೇಲೆ ಸರಿಸುವ ಸ್ಕ್ಯಾನ್ ಉಪಕರಣ) ಹಿಡಿದರೆ ಅರ್ಧ ತಪ್ಪುಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಉಳಿದ ಅರ್ಧ ತಪ್ಪುಗಳಿಗೆ ಕಾರಣ ಸಾಮಾನ್ಯವಾಗಿ ಕೊನೆಯ ಸ್ಕ್ಯಾನ್ ಆಗಿರುವುದಿಲ್ಲ, ಮೊದಲನೆಯದಾಗಿರುತ್ತದೆ. ಕೀಮೋ ಶುರುವಾಗುವ ಮುನ್ನ ಗಡ್ಡೆಯ ಜಾಗ, ಅಳತೆ, ಸಂಖ್ಯೆ ಸರಿಯಾಗಿ ದಾಖಲಾಗಿರದಿದ್ದರೆ ಐದು ತಿಂಗಳ ನಂತರ ಎಷ್ಟೇ ಒಳ್ಳೆಯ ಯಂತ್ರ ಇಟ್ಟುಕೊಂಡರೂ ಹೋಲಿಸಲು ಏನೂ ಇರುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕೀಮೋಗೆ ಮುಂಚಿನ ಸ್ಕ್ಯಾನ್

ಮೊದಲ ಅಳತೆಯನ್ನು ಬಯಾಪ್ಸಿಗೆ (ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುವುದಕ್ಕೆ) ಮುಂಚೆಯೇ ತೆಗೆಯಬೇಕು. ಸೂಜಿ ಹಾಕಿದ ಮೇಲೆ ಒಳಗೆ ರಕ್ತ ಕಟ್ಟಿಕೊಂಡರೆ ಗಡ್ಡೆ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ಅಳತೆಯನ್ನೇ ಆಧಾರವಾಗಿ ಇಟ್ಟುಕೊಂಡರೆ, ಮುಂದೆ ರಕ್ತ ಕರಗಿದ್ದನ್ನು ಕೀಮೋ ಕೆಲಸ ಮಾಡಿದೆ ಎಂದು ತಪ್ಪಾಗಿ ಓದುತ್ತೇವೆ.

ದಾಖಲಿಸಬೇಕಾದದ್ದು ಇಷ್ಟು: ಯಾವ ಸ್ತನ, ಗಡಿಯಾರದ ಯಾವ ಗಂಟೆಯ ದಿಕ್ಕು, ಮೊಲೆತೊಟ್ಟಿನಿಂದ ಎಷ್ಟು ಸೆಂಟಿಮೀಟರ್ ದೂರ, ಚರ್ಮದಿಂದ ಎಷ್ಟು ಆಳ, ಮೂರು ದಿಕ್ಕಿನ ಅಳತೆ. ಒಂದಕ್ಕಿಂತ ಹೆಚ್ಚು ಗಡ್ಡೆಗಳಿದ್ದರೆ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಅವುಗಳ ನಡುವಿನ ಅಂತರವನ್ನೂ, ಎಲ್ಲವನ್ನೂ ಒಳಗೊಂಡ ಒಟ್ಟು ಹರವನ್ನೂ ಬರೆಯಿರಿ. ಗಡ್ಡೆಯ ಸುತ್ತ ಬಿಳಿಯಾಗಿ ಮಸುಕಾಗಿ ಕಾಣುವ ದಪ್ಪ ಅಂಚು ಇದ್ದರೆ ಅದನ್ನು ಅಳತೆಯಲ್ಲಿ ಸೇರಿಸುವುದು ಒಳ್ಳೆಯದು. ಕ್ಯಾನ್ಸರ್ ಕೋಶಗಳು ಸುತ್ತಲಿನ ಅಂಗಾಂಶಕ್ಕೆ ನುಗ್ಗುತ್ತಿರುವ ವಲಯ ಅದು. ಸೇರಿಸಿದಿರೋ ಬಿಟ್ಟಿರೋ ಎಂಬುದನ್ನು ಬರೆದಿಡಿ, ಮುಂದಿನ ಪ್ರತಿ ಸ್ಕ್ಯಾನ್‌ನಲ್ಲೂ ಅದೇ ರೀತಿ ಅಳೆಯಿರಿ. ಮೊದಲ ಸಲ ಅಂಚು ಸೇರಿಸಿ ಎರಡನೇ ಸಲ ಬಿಟ್ಟರೆ, ಗಡ್ಡೆ ಒಂದು ಮಿಲಿಮೀಟರೂ ಕುಗ್ಗದೆ ಕಾಗದದ ಮೇಲೆ ಕುಗ್ಗಿರುತ್ತದೆ.

ಇನ್ನು ಕ್ಲಿಪ್. ಎರಡು ಮೂರು ಮಿಲಿಮೀಟರಿನ ಈ ಲೋಹದ ಗುರುತನ್ನು ಬಯಾಪ್ಸಿ ಮಾಡುವಾಗಲೇ ಗಡ್ಡೆಯ ನಡುವೆ ಇಟ್ಟುಬಿಡುವುದು ಉತ್ತಮ. ಆಗ ಆಗದಿದ್ದರೆ ಗಡ್ಡೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿರುವಾಗಲೇ, ಅಂದರೆ ಮೊದಲ ಒಂದೆರಡು ಸುತ್ತಿನೊಳಗೆ ಇಡಬೇಕು. ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಕಗಳೂ ಹರ್-2 ಪ್ರೋಟೀನೂ ಇಲ್ಲದ) ಮತ್ತು ಹರ್-2 ಪಾಸಿಟಿವ್ (ಆ ಪ್ರೋಟೀನ್ ಹೆಚ್ಚಿರುವ) ಗಡ್ಡೆಗಳು ಬೇಗ ಮಾಯವಾಗುತ್ತವೆ. ‘ಮುಂದಿನ ಭೇಟಿಗೆ ಇಡೋಣ’ ಎಂದವರಿಗೆ ಮುಂದಿನ ಭೇಟಿಯಲ್ಲಿ ಗಡ್ಡೆಯೇ ಸಿಗದೆ ಹೋಗಬಹುದು. ಆಮೇಲೆ ಸರ್ಜನ್ ಯಾವ ಜಾಗ ತೆಗೆಯಬೇಕು? ಗಡ್ಡೆ ಹರಡಿಕೊಂಡಿದ್ದರೆ ಎರಡು ತುದಿಗೂ ಒಂದೊಂದು ಕ್ಲಿಪ್ ಇಡಿ. ಪ್ರತಿ ಕ್ಲಿಪ್ಪಿನ ಆಕಾರವನ್ನು ಬರೆದಿಡಿ: ಉಂಗುರ, ಸುರುಳಿ, ರೆಕ್ಕೆ, ಹೀಗೆ. ಇಟ್ಟ ಕೂಡಲೇ ಎರಡು ದಿಕ್ಕಿನ ಮ್ಯಾಮೊಗ್ರಾಮ್ ತೆಗೆದು ಜಾಗ ಖಚಿತ ಮಾಡಿಕೊಳ್ಳಿ, ಏಕೆಂದರೆ ಸೂಜಿ ಹೋದ ದಾರಿಯಲ್ಲೇ ಕ್ಲಿಪ್ ಜಾರುವುದುಂಟು.

ಕಂಕುಳಿನಲ್ಲಿ ರೋಗ ಇದೆ ಎಂದು ಬಯಾಪ್ಸಿಯಲ್ಲಿ ಗೊತ್ತಾದ ದುಗ್ಧಗ್ರಂಥಿಗೂ (ಲಿಂಫ್ ನೋಡ್) ಪ್ರತ್ಯೇಕ ಕ್ಲಿಪ್ ಬೇಕು, ಸ್ತನದಲ್ಲಿಟ್ಟದ್ದಕ್ಕಿಂತ ಬೇರೆ ಆಕಾರದ್ದು.

ಯಂತ್ರ, ಪ್ರೋಬ್, ಮಲಗಿಸುವ ರೀತಿ

ಲೀನಿಯರ್ ಪ್ರೋಬ್ ಬೇಕು, ಆವರ್ತನ 12 ಮೆಗಾಹರ್ಟ್ಸ್ ಅಥವಾ ಹೆಚ್ಚು. ಆವರ್ತನ ಏರಿದಷ್ಟು ಚಿತ್ರ ನಿಖರ, ಆದರೆ ಆಳಕ್ಕೆ ತಲುಪುವುದು ಕಡಿಮೆ. ಸ್ತನ ದಪ್ಪವಾಗಿದ್ದು ಎದೆಯ ಸ್ನಾಯು ಸ್ಪಷ್ಟವಾಗಿ ಕಾಣದಿದ್ದರೆ ಆವರ್ತನವನ್ನು ಇಳಿಸಬೇಕು. ಆಳವನ್ನು ಚಿತ್ರದ ತಳದಲ್ಲಿ ಎದೆಯ ಸ್ನಾಯು ಕಾಣುವಷ್ಟಕ್ಕೆ ಹೊಂದಿಸಿ. ಅರ್ಧ ಪರದೆಯಲ್ಲಿ ಶ್ವಾಸಕೋಶ ತುಂಬಿಕೊಂಡಿದ್ದರೆ ಗಡ್ಡೆ ಚಿಕ್ಕದಾಗಿ ಕಂಡು ಅಳತೆ ತಪ್ಪುತ್ತದೆ. ಫೋಕಸ್ ಗಡ್ಡೆಯ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರಲಿ. ಗೇನ್ ಅನ್ನು (ಚಿತ್ರದ ಬೆಳಕಿನ ಮಟ್ಟವನ್ನು) ಕೊಬ್ಬು ನಡುತರದ ಬೂದು ಬಣ್ಣದಲ್ಲಿ ಕಾಣುವ ಹಾಗೆ ಇಡಿ. ಗೇನ್ ತೀರಾ ಕಡಿಮೆಯಾದರೆ ಕೊಬ್ಬಿನ ಉಂಡೆಯೂ ಗಡ್ಡೆಯಂತೆ ಕಪ್ಪಾಗುತ್ತದೆ, ಹೆಚ್ಚಾದರೆ ಉಳಿದಿರುವ ಸಣ್ಣ ಚುಕ್ಕೆ ಬೆಳಕಿನಲ್ಲಿ ಮುಳುಗಿಹೋಗುತ್ತದೆ.

ಹಾರ್ಮೋನಿಕ್ ಸೌಲಭ್ಯ ಗಡ್ಡೆಯ ಅಂಚನ್ನು ತೀಕ್ಷ್ಣಗೊಳಿಸುತ್ತದೆ. ಕಾಂಪೌಂಡಿಂಗ್ (ಹಲವು ಕೋನಗಳ ಚಿತ್ರ ಬೆರೆಸುವ ಸೌಲಭ್ಯ) ಚಿತ್ರವನ್ನು ನಯಗೊಳಿಸುತ್ತದೆ, ಆದರೆ ಗಡ್ಡೆಯ ಹಿಂದಿನ ನೆರಳನ್ನೂ ಅಳಿಸುತ್ತದೆ. ಕೀಮೋ ಮುಗಿದ ಸ್ತನದಲ್ಲಿ ಸಂದೇಹದ ಜಾಗ ಸಿಕ್ಕಾಗ ಕಾಂಪೌಂಡಿಂಗ್ ಆಫ್ ಮಾಡಿ ಒಮ್ಮೆ ನೋಡಿ. ನೆರಳೊಂದೇ ಸುಳಿವಾಗಿ ಉಳಿದಿರುವ ಸಂದರ್ಭಗಳಿವೆ.

ರೋಗಿಯ ಆ ಬದಿಯ ತೋಳು ತಲೆಯ ಮೇಲಿರಲಿ. ಸ್ತನದ ಹೊರಭಾಗ ನೋಡುವಾಗ ಬೆನ್ನ ಕೆಳಗೆ ದಿಂಬಿಟ್ಟು ಎದುರು ಬದಿಗೆ ವಾಲಿಸಿ. ಒಳಭಾಗಕ್ಕೆ ನೇರ ಅಂಗಾತ ಮಲಗಿಸಿ. ಸ್ತನ ಎದೆಯ ಮೇಲೆ ಚಪ್ಪಟೆಯಾಗಿ ಹರಡಬೇಕು, ಅಷ್ಟೇ. ಮೊದಲ ಸ್ಕ್ಯಾನ್‌ನಲ್ಲಿ ಮಲಗಿಸಿದ ರೀತಿಯಲ್ಲೇ ಕೊನೆಯದರಲ್ಲೂ ಮಲಗಿಸಿ. ಭಂಗಿ ಬದಲಾದರೆ ಮೊಲೆತೊಟ್ಟಿನಿಂದ ದೂರವೂ ಆಳವೂ ಬದಲಾಗುತ್ತವೆ. 10 ಗಂಟೆಯ ದಿಕ್ಕಿನ ಗಡ್ಡೆ 9 ಗಂಟೆಗೆ ಹೋಗಿ ಕೂರುತ್ತದೆ, ಹೊಸ ಗಡ್ಡೆಯೇನೋ ಎಂಬ ಗೊಂದಲ ಹುಟ್ಟುತ್ತದೆ.

ಪ್ರೋಬನ್ನು ಒತ್ತಬೇಡಿ. ಒತ್ತಡದಿಂದ ಮೂರು ಅಳತೆಗಳಲ್ಲಿ ಎತ್ತರವೇ ಹೆಚ್ಚು ಕೆಡುತ್ತದೆ. ಕೀಮೋದಿಂದ ಮೆತ್ತಗಾದ ಗಡ್ಡೆ ಗಟ್ಟಿ ಗಡ್ಡೆಗಿಂತ ಸುಲಭವಾಗಿ ಅದುಮಿಹೋಗುವುದರಿಂದ, ಎರಡು ಸ್ಕ್ಯಾನ್‌ಗಳಲ್ಲಿ ಒಂದೇ ಒತ್ತಡ ಹಾಕಿದ್ದರೂ ಎರಡನೆಯದರಲ್ಲಿ ಎತ್ತರ ಕಡಿಮೆ ಕಾಣಬಹುದು.

ಯಾವಾಗ ಸ್ಕ್ಯಾನ್ ಮಾಡಬೇಕು

ಸಾಮಾನ್ಯ ಕ್ರಮವೆಂದರೆ ಕೀಮೋಗೆ ಮುಂಚೆ ಒಂದು, ನಡುವೆ ಒಂದು, ಕೊನೆಗೆ ಒಂದು. ನಡುವಿನದನ್ನು ಎರಡು ಸುತ್ತಿನ ನಂತರ ಇಲ್ಲವೇ ಔಷಧದ ಬಗೆ ಬದಲಿಸುವ ಹೊತ್ತಿಗೆ ಮಾಡಿಸುತ್ತಾರೆ. ಗಡ್ಡೆ ಬೆಳೆಯುತ್ತಿದ್ದರೆ ಅದನ್ನು ಹಿಡಿಯುವುದೇ ನಡುವಿನ ಸ್ಕ್ಯಾನ್‌ನ ಮುಖ್ಯ ಕೆಲಸ. ಬೆಳೆದಂತೆ ಕಂಡರೆ ವರದಿ ಟೈಪ್ ಆಗುವವರೆಗೆ ಕಾಯದೆ, ಮುಂದಿನ ಸುತ್ತು ಹೋಗುವ ಮೊದಲೇ ಆಂಕಾಲಜಿಸ್ಟ್‌ಗೆ ಫೋನ್ ಮಾಡಿ.

ಕೊನೆಯ ಸ್ಕ್ಯಾನ್ ಕೊನೆಯ ಸುತ್ತಿನ ನಂತರ ಸುಮಾರು ಎರಡರಿಂದ ನಾಲ್ಕು ವಾರಕ್ಕೆ, ಶಸ್ತ್ರಚಿಕಿತ್ಸೆಗೆ ಹತ್ತಿರವಾಗಿ ಇರಲಿ. ತೀರಾ ಬೇಗ ಮಾಡಿದರೆ ಔಷಧದ ಪೂರ್ಣ ಪರಿಣಾಮ ಇನ್ನೂ ಕಂಡಿರುವುದಿಲ್ಲ; ತೀರಾ ತಡವಾದರೆ ಉಳಿದದ್ದು ಮತ್ತೆ ಬೆಳೆಯಲು ಸಮಯ ಸಿಗುತ್ತದೆ, ಸರ್ಜನ್‌ನ ಯೋಜನೆಗೂ ಅವಕಾಶ ಉಳಿಯುವುದಿಲ್ಲ.

ಕೊನೆಯ ಸ್ಕ್ಯಾನ್, ಹಂತ ಹಂತವಾಗಿ

ಹಳೆಯ ಚಿತ್ರಗಳನ್ನು ಪಕ್ಕದ ಪರದೆಯಲ್ಲಿ ತೆರೆದಿಟ್ಟುಕೊಳ್ಳದೆ ಪ್ರೋಬ್ ಮುಟ್ಟಬೇಡಿ. ಹಳೆಯ ವರದಿಯ ಅಕ್ಷರಗಳು ಸಾಲವು, ಚಿತ್ರಗಳೇ ಬೇಕು. ಗಡ್ಡೆಯ ಪಕ್ಕದಲ್ಲಿ ಯಾವ ಕೊಬ್ಬಿನ ಉಂಡೆ, ಯಾವ ನಾಳ, ಯಾವ ನೀರಿನ ಗುಳ್ಳೆ ಇತ್ತು ಎಂದು ಗುರುತಿಸಿಕೊಳ್ಳಿ. ಗಡ್ಡೆ ಮಾಯವಾದಾಗ ಜಾಗ ಹೇಳುವುದು ಈ ನೆರೆಹೊರೆಯೇ.

1. ಮೊದಲು ಕ್ಲಿಪ್ ಹುಡುಕಿ. ಅಲ್ಟ್ರಾಸೌಂಡ್‌ನಲ್ಲಿ ಅದು ಬಿಳಿ ಗೆರೆಯಂತೆ ಅಥವಾ ಚುಕ್ಕೆಯಂತೆ ಕಾಣುತ್ತದೆ. ಪ್ರೋಬನ್ನು ನಿಧಾನವಾಗಿ ಓರೆ ಮಾಡುತ್ತಾ ಹೋದರೆ ಯಾವುದೋ ಒಂದು ಕೋನದಲ್ಲಿ ಮಿಂಚುತ್ತದೆ. ಕೊಬ್ಬಿನ ನಡುವೆ ಬಿಳಿ ಪದರಗಳು ಬೇಕಾದಷ್ಟು ಇರುವುದರಿಂದ ಕಂಡದ್ದೆಲ್ಲ ಕ್ಲಿಪ್ ಅಲ್ಲ: ಪ್ರೋಬನ್ನು 90 ಡಿಗ್ರಿ ತಿರುಗಿಸಿ ನೋಡಿದಾಗ ಪದರ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಕ್ಲಿಪ್ ಸಣ್ಣದಾಗಿಯೇ ಉಳಿಯುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಎದ್ದು ಕಾಣಲೆಂದು ಜೆಲ್ ಸೇರಿಸಿದ ಕ್ಲಿಪ್‌ಗಳೂ ಇವೆ, ಆದರೆ ಆ ಜೆಲ್ ಕಾಲಕ್ರಮೇಣ ಕರಗುವುದುಂಟು. ಅಲ್ಟ್ರಾಸೌಂಡ್‌ನಲ್ಲಿ ಸಿಗದಿದ್ದರೆ ಹೊಸ ಮ್ಯಾಮೊಗ್ರಾಮ್‌ನಲ್ಲಿ ಜಾಗ ನೋಡಿಕೊಂಡು ಮತ್ತೆ ಹುಡುಕಿ.

2. ಕ್ಲಿಪ್ಪಿನ ಸುತ್ತ, ಗಡ್ಡೆಯ ಮೂಲ ಹರವು ಎಷ್ಟಿತ್ತೋ ಅಷ್ಟು ಪ್ರದೇಶವನ್ನೂ ಅದರಾಚೆ ಎರಡು ಸೆಂಟಿಮೀಟರನ್ನೂ ಎರಡು ಅಡ್ಡಹಾಯುವ ದಿಕ್ಕಿನಲ್ಲಿ ಸಾಲು ಸಾಲಾಗಿ ನೋಡಿ. ಮೊಲೆತೊಟ್ಟಿನಿಂದ ಹೊರಕ್ಕೆ ಹೋಗುವ ದಿಕ್ಕು ಒಂದು, ಅದಕ್ಕೆ ಅಡ್ಡಲಾಗಿ ಇನ್ನೊಂದು. ಒಂದು ಸಾಲು ಇನ್ನೊಂದರ ಮೇಲೆ ಸ್ವಲ್ಪ ಹತ್ತಿರಬೇಕು, ನಡುವೆ ಪಟ್ಟಿ ತಪ್ಪಬಾರದು. ನಾಳಗಳೊಳಗೆ ಉಳಿದ ರೋಗ ಮೊದಲ ದಿಕ್ಕಿನಲ್ಲೇ ಚೆನ್ನಾಗಿ ಕಾಣುತ್ತದೆ.

3. ಉಳಿದದ್ದು ಕಂಡರೆ ಅತಿ ಉದ್ದವಾಗಿ ಕಾಣುವ ಕೋನದಲ್ಲಿ ಚಿತ್ರ ನಿಲ್ಲಿಸಿ ಉದ್ದ ಮತ್ತು ಎತ್ತರ ಅಳೆಯಿರಿ. ಅಲ್ಲಿಂದ 90 ಡಿಗ್ರಿ ತಿರುಗಿಸಿ ಅಗಲ ತೆಗೆದುಕೊಳ್ಳಿ. ಗುರುತು ಹಾಕಿದ ಚಿತ್ರವನ್ನೂ ಗುರುತಿಲ್ಲದ ಅದೇ ಚಿತ್ರವನ್ನೂ ಉಳಿಸಿ; ಅಳತೆಯ ಗುರುತುಗಳು ಅಂಚನ್ನೇ ಮರೆಮಾಡುತ್ತವೆ.

4. ರಕ್ತದ ಓಟ ತೋರಿಸುವ ಡಾಪ್ಲರ್ ಹಾಕಿ ನೋಡಿ. ಆಮೇಲೆ, ಇದ್ದರೆ, ಅಂಗಾಂಶ ಎಷ್ಟು ಗಟ್ಟಿ ಎಂದು ತೋರಿಸುವ ಎಲಾಸ್ಟೋಗ್ರಫಿ.

5. ಉಳಿದ ಸ್ತನ, ಮೊಲೆತೊಟ್ಟಿನ ಹಿಂಭಾಗ, ಚರ್ಮ, ನಂತರ ಕಂಕುಳು. ತೊಟ್ಟಿನ ಹಿಂದೆ ನೆರಳು ಬೀಳುವುದರಿಂದ ಪ್ರೋಬನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಜೆಲ್ ಜಾಸ್ತಿ ಹಾಕಿ ನೋಡಬೇಕಾಗುತ್ತದೆ.

ಪ್ರೋಬಿನ ಮುಖ ಸಾಮಾನ್ಯವಾಗಿ ನಾಲ್ಕೈದು ಸೆಂಟಿಮೀಟರ್ ಅಗಲ. ಅದಕ್ಕಿಂತ ದೊಡ್ಡ ಗಡ್ಡೆಯನ್ನು ಎರಡು ಪರದೆ ಜೋಡಿಸಿ ಅಂದಾಜಿನಲ್ಲಿ ಅಳೆಯುವುದು ಎಲ್ಲ ಕಡೆ ಕಾಣುವ ಅಭ್ಯಾಸ, ಆದರೆ ಜೋಡಿಸುವ ಜಾಗದಲ್ಲೇ ಹತ್ತು ಮಿಲಿಮೀಟರ್ ಅತ್ತಿತ್ತ ಆಗಿಬಿಡಬಹುದು. ಯಂತ್ರದಲ್ಲಿ ಪನೋರಮಿಕ್ ಸೌಲಭ್ಯ (ಪ್ರೋಬ್ ಸರಿಸಿದಂತೆ ಒಂದೇ ಉದ್ದ ಚಿತ್ರ ಕಟ್ಟುವುದು) ಇದ್ದರೆ ಅದನ್ನೇ ಬಳಸಿ, ಪ್ರೋಬನ್ನು ಒಂದೇ ವೇಗದಲ್ಲಿ ನೇರ ಗೆರೆಯಲ್ಲಿ ಸರಿಸಿ.

ಕುಗ್ಗುವ ಎರಡು ಬಗೆ

ಬೇಸಿಗೆಯಲ್ಲಿ ಕೆರೆ ಬತ್ತುವಾಗ ನೀರು ದಡದಿಂದ ನಡುವಿಗೆ ಸರಿಯುವುದೂ ಉಂಟು, ಅಲ್ಲಲ್ಲಿ ಗುಂಡಿಗಳಲ್ಲಿ ನಿಲ್ಲುವುದೂ ಉಂಟು. ಗಡ್ಡೆಯೂ ಹೀಗೆ ಎರಡು ರೀತಿಯಲ್ಲಿ ಕುಗ್ಗುತ್ತದೆ. ಸುತ್ತಲಿಂದ ನಡುವಿಗೆ ಕುಗ್ಗಿದರೆ ಅಳತೆ ಸುಲಭ. ಟ್ರಿಪಲ್ ನೆಗೆಟಿವ್ ಗಡ್ಡೆಗಳಲ್ಲಿ ಇದು ಹೆಚ್ಚು. ತುಂಡುತುಂಡಾಗಿ ಒಡೆದು ಕುಗ್ಗುವುದು ಹಾರ್ಮೋನ್ ಪಾಸಿಟಿವ್ (ಹಾರ್ಮೋನ್ ಗ್ರಾಹಕಗಳಿರುವ) ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಇಲ್ಲೇ ಅತಿ ದುಬಾರಿಯಾದ ತಪ್ಪು ನಡೆಯುವುದು: 45 ಮಿ.ಮೀ. ಇದ್ದ ಗಡ್ಡೆಯ ಜಾಗದಲ್ಲಿ 9 ಮಿ.ಮೀ. ತುಂಡೊಂದು ಎದ್ದು ಕಾಣುತ್ತದೆ, ಅದನ್ನಷ್ಟೇ ಅಳೆದು ‘9 ಮಿ.ಮೀ. ಉಳಿದಿದೆ’ ಎಂದು ಬರೆದುಬಿಡುತ್ತಾರೆ. 30 ಮಿ.ಮೀ. ದೂರದಲ್ಲಿ 4 ಮಿ.ಮೀ. ಇನ್ನೊಂದು ತುಂಡು ಇರುತ್ತದೆ. ಸರ್ಜನ್ ವರದಿ ನಂಬಿ ಸಣ್ಣ ಭಾಗ ತೆಗೆಯುತ್ತಾರೆ, ಅಂಚಿನಲ್ಲಿ ಕ್ಯಾನ್ಸರ್ ಉಳಿಯುತ್ತದೆ, ಎರಡನೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ತುಂಡುಗಳಿದ್ದಾಗ ಎರಡು ಅಳತೆ ಕೊಡಿ: ಅತಿ ದೊಡ್ಡ ತುಂಡಿನದು, ಹಾಗೂ ಒಂದು ತುದಿಯ ತುಂಡಿನಿಂದ ಇನ್ನೊಂದು ತುದಿಯ ತುಂಡಿನವರೆಗಿನ ಒಟ್ಟು ಹರವು. ಸರ್ಜನ್‌ಗೆ ಉಪಯೋಗಕ್ಕೆ ಬರುವುದು ಎರಡನೆಯದು.

ಲೆಕ್ಕ

ಪ್ರತಿಕ್ರಿಯೆಯನ್ನು ವರ್ಗೀಕರಿಸಲು 2009ರಲ್ಲಿ ಪರಿಷ್ಕರಿಸಿದ ರೆಸಿಸ್ಟ್ 1.1 ಮಾನದಂಡವನ್ನು ಬಳಸುತ್ತಾರೆ. ಅತಿ ಉದ್ದದ ಅಳತೆ ಮೊದಲಿಗಿಂತ ಕನಿಷ್ಠ 30 ಶೇಕಡ ಇಳಿದರೆ ಭಾಗಶಃ ಪ್ರತಿಕ್ರಿಯೆ. ಅದುವರೆಗಿನ ಅತಿ ಸಣ್ಣ ಅಳತೆಗಿಂತ 20 ಶೇಕಡ ಏರಿ, ಆ ಏರಿಕೆ 5 ಮಿ.ಮೀ. ಆದರೂ ಇದ್ದರೆ ರೋಗ ಬೆಳೆದಿದೆ ಎಂದು ಅರ್ಥ. ನಡುವಿನದೆಲ್ಲ ಸ್ಥಿರ. ಈ ಮಾನದಂಡ ಮುಖ್ಯವಾಗಿ ಸಿಟಿ ಮತ್ತು ಎಂಆರ್‌ಐಗಾಗಿ ರೂಪುಗೊಂಡದ್ದು. ಅಲ್ಟ್ರಾಸೌಂಡ್‌ನಲ್ಲಿ ಅಳೆಯುವವರ ಕೈಯ ಮೇಲೆ ಅಳತೆ ಅವಲಂಬಿಸುತ್ತದೆ ಎಂಬ ಕಾರಣಕ್ಕೆ ಅದನ್ನು ಅಧಿಕೃತ ಅಳತೆಗೆ ಒಪ್ಪುವುದಿಲ್ಲ. ಆದರೂ ದಿನನಿತ್ಯದ ಸ್ತನ ಸ್ಕ್ಯಾನ್‌ನಲ್ಲಿ ಇದೇ ಅಂಕಿಗಳನ್ನು ಎರವಲು ಪಡೆಯುತ್ತಾರೆ, ತಪ್ಪೇನಿಲ್ಲ. ಅಳೆಯುವವರು ಮತ್ತು ಯಂತ್ರ ಬದಲಾಗದಂತೆ ನೋಡಿಕೊಂಡರೆ ಸಾಕು.

ಗಾತ್ರದ ಲೆಕ್ಕ ಬೇಕಾದರೆ ಮೂರು ಅಳತೆಗಳನ್ನು ಗುಣಿಸಿ 0.523ರಿಂದ ಗುಣಿಸಿ. ಉದಾಹರಣೆಗೆ 40 × 30 × 30 ಮಿ.ಮೀ. ಗಡ್ಡೆ ಸುಮಾರು 18.8 ಮಿಲಿಲೀಟರ್. ಅದು 28 × 21 × 21 ಆದಾಗ ಸುಮಾರು 6.5 ಮಿಲಿಲೀಟರ್. ಉದ್ದದಲ್ಲಿ 30 ಶೇಕಡ ಇಳಿಕೆ, ಗಾತ್ರದಲ್ಲಿ 66 ಶೇಕಡ ಇಳಿಕೆ. ಎರಡೂ ನಿಜ. ವರದಿಯಲ್ಲಿ ಯಾವ ಶೇಕಡ ಎಂದು ಹೇಳದೆ ಬಿಟ್ಟರೆ ಓದುವವರು ದಾರಿ ತಪ್ಪುತ್ತಾರೆ. ಹಾಗೆಯೇ 12 ಮಿ.ಮೀ. ಇದ್ದದ್ದು 10 ಆಯಿತೆಂದು ಸಂಭ್ರಮಿಸುವುದೂ ಬೇಡ, 14 ಆಯಿತೆಂದು ಗಾಬರಿಯೂ ಬೇಡ: ಒಂದೇ ಗಡ್ಡೆಯನ್ನು ಇಬ್ಬರು ಅಳೆದರೂ ಇಷ್ಟು ವ್ಯತ್ಯಾಸ ಬರುತ್ತದೆ.

ಕಣ್ಣಿಗೆ ಮೋಸವಾಗುವ ಕಡೆಗಳು

ಗಡ್ಡೆ ಸತ್ತ ಜಾಗದಲ್ಲಿ ನಾರಿನಂಥ ಕಲೆ ಕಟ್ಟಿಕೊಳ್ಳುತ್ತದೆ. ಅದು ಕಪ್ಪಾಗಿ, ಅಂಚು ಸ್ಪಷ್ಟವಿಲ್ಲದೆ, ಹಿಂದೆ ನೆರಳು ಬೀಳಿಸುತ್ತಾ ಕಾಣುತ್ತದೆ, ಅಂದರೆ ಥೇಟ್ ಕ್ಯಾನ್ಸರ್‌ನಂತೆ. ಚಿತ್ರ ನೋಡಿ ಇದು ಕಲೆ, ಇದು ಕ್ಯಾನ್ಸರ್ ಎಂದು ಬೇರ್ಪಡಿಸುವ ವಿಶ್ವಾಸಾರ್ಹ ಲಕ್ಷಣವಿಲ್ಲ. ಹಾಗಾಗಿ ಉಳಿದ ಗಡ್ಡೆ ಎಂದೇ ಎಣಿಸಿ ಅಳತೆ ಕೊಡುವುದು ಸರಿ. ಇಲ್ಲಿ ಜಾಣತನ ತೋರಿಸಲು ಹೋಗಿ ‘ಕಲೆ ಮಾತ್ರ’ ಎಂದು ಬರೆಯುವವರ ಬಗ್ಗೆ ನಮಗೆ ಅಷ್ಟು ಗೌರವವಿಲ್ಲ.

ಇದಕ್ಕೆ ವಿರುದ್ಧವಾದದ್ದು ಇನ್ನೂ ಅಪಾಯಕಾರಿ. ಗಡ್ಡೆ ಪೂರ್ತಿ ಮಾಯವಾಗಿ, ಸ್ತನದ ರಚನೆ ಸಹಜವಾಗಿ ಕಂಡರೂ ಅಲ್ಲಲ್ಲಿ ಚದುರಿದ ಕೋಶಗಳು ಉಳಿದಿರಬಹುದು. ಕೋಶಗಳ ಸಣ್ಣ ಗುಂಪುಗಳು ಅಲೆಯನ್ನು ಬೇರೆ ರೀತಿ ಪ್ರತಿಫಲಿಸುವುದೇ ಇಲ್ಲ. ಲೋಬ್ಯುಲರ್ ಬಗೆಯ (ಹಾಲಿನ ಗ್ರಂಥಿಗಳಿಗೆ ಸಂಬಂಧಿಸಿದ) ಕ್ಯಾನ್ಸರ್‌ನಲ್ಲಿ ಇದು ಹೆಚ್ಚು, ಅಲ್ಲಿ ಕೋಶಗಳು ಒಂದರ ಹಿಂದೊಂದು ಸಾಲಾಗಿ ಹರಡುವುದರಿಂದ ಮೊದಲ ಸ್ಕ್ಯಾನ್‌ನಲ್ಲೇ ಅಳತೆ ಕಡಿಮೆ ಬಂದಿರುತ್ತದೆ. ಗಡ್ಡೆಯ ಹೊರ ಅಳತೆ ಹಾಗೆಯೇ ಉಳಿದು ಒಳಗಿನ ಜೀವಕೋಶಗಳ ಸಾಂದ್ರತೆ ಮಾತ್ರ ಇಳಿದಿರುವುದೂ ಉಂಟು. ಅಲ್ಟ್ರಾಸೌಂಡ್ ಅಂಚನ್ನು ಅಳೆಯುತ್ತದೆ, ಸಾಂದ್ರತೆಯನ್ನಲ್ಲ.

ನಾಳಗಳೊಳಗೇ ಇರುವ ಆರಂಭಿಕ ಬಗೆಯ ರೋಗ ಬಹುಪಾಲು ಮ್ಯಾಮೊಗ್ರಾಮ್‌ನಲ್ಲಿ ಸುಣ್ಣದ ಕಣಗಳಾಗಿ ಕಾಣುತ್ತದೆ. ಕೀಮೋದಿಂದ ಕ್ಯಾನ್ಸರ್ ಸತ್ತರೂ ಕಣಗಳು ಕರಗುವುದಿಲ್ಲ, ಕೆಲವೊಮ್ಮೆ ಹೆಚ್ಚುತ್ತವೆ ಕೂಡ. ಅಲ್ಟ್ರಾಸೌಂಡ್ ಸ್ವಚ್ಛವಿದ್ದರೂ ಸಂದೇಹದ ಕಣಗಳಿರುವ ಜಾಗವನ್ನೆಲ್ಲ ತೆಗೆಯಬೇಕಾಗುತ್ತದೆ. ಆದ್ದರಿಂದ ಕೊನೆಯ ಹಂತದಲ್ಲಿ ಮ್ಯಾಮೊಗ್ರಾಮ್ ಬಿಟ್ಟು ಅಲ್ಟ್ರಾಸೌಂಡ್ ಒಂದನ್ನೇ ಮಾಡಿ ಕಳಿಸಬೇಡಿ. ಉಳಿದ ರೋಗದ ಹರವು ಅಳೆಯುವುದರಲ್ಲಿ ಈ ಮೂರರಲ್ಲಿ ಎಂಆರ್‌ಐ ಮುಂದಿದೆ. ಮೊದಲು ಎಂಆರ್‌ಐ ಮಾಡಿಸಿದ್ದರೆ ಕೊನೆಯಲ್ಲೂ ಮಾಡಿಸಿ, ಅದರಲ್ಲಿ ಕಂಡ ಜಾಗಕ್ಕೆ ಅಲ್ಟ್ರಾಸೌಂಡ್‌ನಲ್ಲಿ ಎರಡನೇ ಬಾರಿ ಗುರಿಯಿಟ್ಟು ಹುಡುಕಿ.

ಡಾಪ್ಲರ್‌ನಲ್ಲಿ ರಕ್ತದ ಓಟ ಕಡಿಮೆಯಾಗಿರುವುದು ಒಳ್ಳೆಯ ಸುಳಿವು. ಆದರೆ ಓಟ ಕಾಣದಿರಲು ಯಂತ್ರದ ಹೊಂದಿಕೆಯೂ ಕಾರಣವಿರಬಹುದು: ವೇಗದ ಸ್ಕೇಲ್ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್‌ಗಳಿಗೆ ಇಳಿದಿರಬೇಕು, ನಿಧಾನದ ಚಲನೆಯನ್ನು ಸೋಸಿಹಾಕುವ ವಾಲ್ ಫಿಲ್ಟರ್ ಕನಿಷ್ಠದಲ್ಲಿರಬೇಕು, ಬಣ್ಣದ ಗೇನನ್ನು ಚುಕ್ಕೆಗಳು ಉದುರುವವರೆಗೆ ಏರಿಸಿ ಒಂದು ಹೆಜ್ಜೆ ಇಳಿಸಿರಬೇಕು, ಕೈ ಹಗುರವಿರಬೇಕು. ಸಣ್ಣ ರಕ್ತನಾಳ ಪ್ರೋಬಿನ ಭಾರಕ್ಕೇ ಮುಚ್ಚಿಹೋಗುತ್ತದೆ. ಎಲಾಸ್ಟೋಗ್ರಫಿಯದ್ದೂ ಇದೇ ಕಥೆ. ಮೊದಲ ಕೆಲವು ಸುತ್ತುಗಳಲ್ಲೇ ಗಡ್ಡೆ ಮೆತ್ತಗಾಗುವುದು ಒಳ್ಳೆಯ ಪ್ರತಿಕ್ರಿಯೆಯ ಜೊತೆ ಬರುತ್ತದೆ, ಆದರೆ ಕಲೆ ಕೂಡ ಗಟ್ಟಿಯೇ ಇರುತ್ತದೆ. ಪ್ರೋಬ್ ಒತ್ತಿದರೆ ಸಹಜ ಅಂಗಾಂಶವೂ ಗಟ್ಟಿ ಎಂದು ತೋರಿಸುತ್ತದೆ. ಇವೆರಡೂ ಅಳತೆಗೆ ಸಾಕ್ಷಿ ಹೇಳಲಿ, ತೀರ್ಪು ಕೊಡುವುದು ಬೇಡ.

ಚರ್ಮದ ದಪ್ಪ ಸಹಜವಾಗಿ ಸುಮಾರು 2 ಮಿ.ಮೀ. ಒಳಗೆ ಇರುತ್ತದೆ, ತೊಟ್ಟಿನ ಸುತ್ತ ಸ್ವಲ್ಪ ಹೆಚ್ಚು. ಉರಿಯೂತದ ಬಗೆಯ ಸ್ತನ ಕ್ಯಾನ್ಸರ್‌ನಲ್ಲಿ ಅದನ್ನು ಪ್ರತಿ ಸಲ ಒಂದೇ ಜಾಗದಲ್ಲಿ ಅಳೆಯಿರಿ.

ಕಂಕುಳು

ದುಗ್ಧಗ್ರಂಥಿಯಲ್ಲಿ ನೋಡಬೇಕಾದದ್ದು ಉದ್ದವಲ್ಲ, ಹೊರಪದರದ ದಪ್ಪ. ಸಹಜ ಗ್ರಂಥಿಯ ಕಪ್ಪು ಹೊರಪದರ ತೆಳ್ಳಗೆ, ಒಂದೇ ಸಮನಾಗಿ, 3 ಮಿ.ಮೀ. ಒಳಗೆ ಇರುತ್ತದೆ, ನಡುವೆ ಬಿಳಿ ಕೊಬ್ಬು ಇರುತ್ತದೆ. ಹೊರಪದರ 3 ಮಿ.ಮೀ. ದಾಟಿದರೆ, ಒಂದು ಕಡೆ ಉಬ್ಬಿದ್ದರೆ, ನಡುವಿನ ಬಿಳಿ ಕೊಬ್ಬು ಒತ್ತಿಹೋಗಿ ಗ್ರಂಥಿ ದುಂಡಗಾಗಿದ್ದರೆ ಸಂದೇಹಪಡಬೇಕು. ಕೀಮೋ ನಂತರ ಹೊರಪದರ ತೆಳ್ಳಗಾಗಿ ನಡುವಿನ ಕೊಬ್ಬು ಮರಳಿದ್ದರೆ ಪ್ರತಿಕ್ರಿಯೆ ಚೆನ್ನಾಗಿದೆ. ಅದೇ ಕಡೆಯ ತೋಳಿಗೆ ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದಾರೆಯೇ ಎಂದು ಕೇಳಲು ಮರೆಯಬೇಡಿ, ಲಸಿಕೆಯಿಂದ ಗ್ರಂಥಿಗಳು ವಾರಗಟ್ಟಲೆ ಊದಿಕೊಂಡಿರುತ್ತವೆ.

ಕಂಕುಳಿನ ಕೆಳಭಾಗದಲ್ಲೇ ನಿಲ್ಲಬೇಡಿ. ಎದೆಯ ಕಿರು ಸ್ನಾಯುವಿನ ಹೊರಬದಿ, ಹಿಂಬದಿ, ಒಳಬದಿ ಮೂರನ್ನೂ ನೋಡಿ. ಮೊದಲ ಸ್ಕ್ಯಾನ್‌ನಲ್ಲಿ ರೋಗವಿದ್ದರೆ ಕಾಲರ್ ಮೂಳೆಯ ಮೇಲೂ ಕೆಳಗೂ, ಎದೆಮೂಳೆಯ ಪಕ್ಕದ ಪಕ್ಕೆಲುಬು ಸಂದುಗಳಲ್ಲೂ ನೋಡಿ.

ಗ್ರಂಥಿ ಸಹಜವಾಗಿ ಕಂಡರೂ ಒಳಗೆ ರೋಗ ಉಳಿದಿರಬಹುದು ಎಂಬುದಕ್ಕೆ ಅಮೆರಿಕದ ಅಕೊಸಾಗ್ ಝಡ್1071 ಅಧ್ಯಯನದ ಅಂಕಿಗಳು ನೆನಪಿನಲ್ಲಿರಬೇಕು. ಕೀಮೋಗೆ ಮುಂಚೆ ಕಂಕುಳಿನಲ್ಲಿ ರೋಗವಿದ್ದವರಲ್ಲಿ, ಕೀಮೋ ನಂತರ ಸೆಂಟಿನೆಲ್ ಗ್ರಂಥಿಗಳನ್ನು (ಸ್ತನದಿಂದ ರೋಗ ಮೊದಲು ತಲುಪುವಂಥವನ್ನು) ಎರಡು ಅಥವಾ ಹೆಚ್ಚು ತೆಗೆದು ನೋಡಿದಾಗ, ಉಳಿದ ರೋಗ ತಪ್ಪಿಹೋದ ಪ್ರಮಾಣ 12.6 ಶೇಕಡ. ಅಲ್ಟ್ರಾಸೌಂಡ್‌ನಲ್ಲಿ ಕಂಕುಳು ಸಹಜವಾಗಿ ಕಂಡವರಿಗಷ್ಟೇ ಸೆಂಟಿನೆಲ್ ವಿಧಾನ ಬಳಸಿದ್ದರೆ ಅದು 9.8 ಶೇಕಡಕ್ಕೆ ಇಳಿಯುತ್ತಿತ್ತು ಎಂದು ಮುಂದಿನ ವಿಶ್ಲೇಷಣೆ ತೋರಿಸಿತು. ಕ್ಲಿಪ್ ಹಾಕಿದ ಗ್ರಂಥಿ ತೆಗೆದವುಗಳ ಪೈಕಿ ಇದ್ದಾಗ 6.8 ಶೇಕಡ. ಮೊದಲೇ ಹೇಳಿದ ಗ್ರಂಥಿಯ ಕ್ಲಿಪ್ಪಿಗೆ ಇಷ್ಟು ಬೆಲೆ ಬರುವುದು ಇದರಿಂದ. ಶಸ್ತ್ರಚಿಕಿತ್ಸೆಗೆ ಮುನ್ನ ಆ ಗ್ರಂಥಿಯನ್ನು ಅಲ್ಟ್ರಾಸೌಂಡ್‌ನಲ್ಲಿ ಹುಡುಕಿ ತಂತಿಯಿಂದಲೋ ಬೇರೆ ಗುರುತಿನಿಂದಲೋ ತೋರಿಸಿಕೊಡಬೇಕು. ಗ್ರಂಥಿ ಕುಗ್ಗಿ ಕೊಬ್ಬಿನಲ್ಲಿ ಬೆರೆತುಹೋಗಿದ್ದರೆ ಇದು ಸ್ತನದ ಕ್ಲಿಪ್ ಹುಡುಕುವುದಕ್ಕಿಂತ ಕಷ್ಟ, ಸಮಯ ಇಟ್ಟುಕೊಂಡೇ ಶುರು ಮಾಡಿ.

ಸೂಜಿ ಹಾಕಿ ನೋಡಿದರೆ ಸಾಲದೇ?

ಗಡ್ಡೆ ಕಾಣುತ್ತಿಲ್ಲ, ಕ್ಲಿಪ್ ಇದೆ, ಆ ಜಾಗದಿಂದ ಸೂಜಿಯಲ್ಲಿ ಅಂಗಾಂಶ ತೆಗೆದು ನೋಡಿ, ಏನೂ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆ ಬಿಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಇದನ್ನು ಪರೀಕ್ಷಿಸಿದ್ದಾರೆ. ನೆದರ್ಲೆಂಡ್ಸ್‌ನ ಮೈಕ್ರಾ ಅಧ್ಯಯನದಲ್ಲಿ ಅಲ್ಟ್ರಾಸೌಂಡ್ ನೋಡುತ್ತಾ 14 ಗೇಜ್ ಸೂಜಿಯಿಂದ (ಗೇಜ್ ಸಂಖ್ಯೆ ಇಳಿದಷ್ಟು ಸೂಜಿ ದಪ್ಪ) ತೆಗೆದ ತುಣುಕುಗಳು, ಉಳಿದ ರೋಗವಿದ್ದವರಲ್ಲಿ 37 ಶೇಕಡ ಮಂದಿಯಲ್ಲಿ ಅದನ್ನು ತಪ್ಪಿಸಿಕೊಂಡವು. ಜರ್ಮನಿಯ ರೆಸ್ಪಾಂಡರ್ ಅಧ್ಯಯನದಲ್ಲಿ ದೊಡ್ಡ ತುಣುಕು ತೆಗೆಯುವ ವ್ಯಾಕ್ಯೂಮ್ ಸೂಜಿ ಬಳಸಿದರೂ 17.8 ಶೇಕಡ ತಪ್ಪಿತು. ಕಾರಣ ಮೇಲೆ ಹೇಳಿದ್ದೇ: ಉಳಿದದ್ದು ಚದುರಿರುತ್ತದೆ, ಸೂಜಿ ಹೋಗುವುದು ಒಂದೇ ಜಾಗಕ್ಕೆ. ಟ್ರಿಪಲ್ ನೆಗೆಟಿವ್ ಮತ್ತು ಹರ್-2 ಪಾಸಿಟಿವ್ ರೋಗಿಗಳನ್ನಷ್ಟೇ ಆರಿಸಿ, ಚಿತ್ರದಲ್ಲಿ ಉಳಿದದ್ದು 2 ಸೆಂಟಿಮೀಟರ್ ಒಳಗಿದ್ದಾಗ, 9 ಗೇಜ್ ವ್ಯಾಕ್ಯೂಮ್ ಸೂಜಿಯಿಂದ ಕನಿಷ್ಠ 12 ತುಣುಕು ತೆಗೆದು, ಏನೂ ಸಿಗದವರಿಗೆ ವಿಕಿರಣ ಮಾತ್ರ ಕೊಟ್ಟ ಅಮೆರಿಕದ ಸಣ್ಣ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. 31 ಮಂದಿಯಲ್ಲಿ ಸುಮಾರು ಎರಡು ವರ್ಷಗಳವರೆಗೆ ರೋಗ ಮರುಕಳಿಸಲಿಲ್ಲ. ಆಶಾದಾಯಕ, ಆದರೆ ಅಧ್ಯಯನದ ಹೊರಗೆ ಇದನ್ನು ಅನುಸರಿಸುವ ಹಂತ ಬಂದಿಲ್ಲ. ಗಡ್ಡೆ ಮಾಯವಾಗಿದ್ದರೂ ಅದಿದ್ದ ಜಾಗವನ್ನು ತೆಗೆಯುವುದೇ ಇಂದಿನ ಕ್ರಮ.

ತೆಗೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಉಳಿದ ರೋಗ ಪೆಥಾಲಜಿಯಲ್ಲಿ ಕಂಡರೆ ಮುಂದಿನ ಔಷಧ ಬದಲಾಗುತ್ತದೆ: ಹರ್-2 ಪಾಸಿಟಿವ್ ಇದ್ದವರಿಗೆ ಟಿ-ಡಿಎಂ1, ಟ್ರಿಪಲ್ ನೆಗೆಟಿವ್ ಇದ್ದವರಿಗೆ ಕೆಪೆಸಿಟಾಬಿನ್‌ನಂಥವು ಮರುಕಳಿಸುವ ಅಪಾಯ ತಗ್ಗಿಸುತ್ತವೆ.

ವರದಿಯಲ್ಲಿ ಏನು ಬರೆಯಬೇಕು

‘ಕ್ಯಾನ್ಸರ್ ಇಲ್ಲ’, ‘ಪೂರ್ಣ ಗುಣ’ ಎಂಬ ಮಾತುಗಳಿಗೆ ವರದಿಯಲ್ಲಿ ಜಾಗವಿಲ್ಲ. ಏನೂ ಕಾಣದಿದ್ದರೂ ಬೈರಾಡ್ಸ್ (ಸ್ತನ ಚಿತ್ರಣ ವರದಿಗಳ ಪ್ರಮಾಣಿತ ವರ್ಗೀಕರಣ) ವರ್ಗ 6 ಆಗಿಯೇ ಉಳಿಯುತ್ತದೆ, ಏಕೆಂದರೆ ಬಯಾಪ್ಸಿಯಲ್ಲಿ ಸಾಬೀತಾದ ಕ್ಯಾನ್ಸರ್ ಇನ್ನೂ ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿಲ್ಲ. ಬರೆಯುವ ರೀತಿ ಹೀಗಿರಲಿ:

‘ಬಲ ಸ್ತನ, 10 ಗಂಟೆ, ತೊಟ್ಟಿನಿಂದ 4 ಸೆಂ.ಮೀ. ಮೊದಲು 38 × 26 × 24 ಮಿ.ಮೀ. ಇದ್ದ ಗಡ್ಡೆಯ ಜಾಗದಲ್ಲಿ ಈಗ ಎರಡು ತುಂಡುಗಳು, ದೊಡ್ಡದು 8 × 6 × 5 ಮಿ.ಮೀ.; ಒಟ್ಟು ಹರವು 22 ಮಿ.ಮೀ. ಉದ್ದದ ಅಳತೆಯಲ್ಲಿ ಒಟ್ಟು ಹರವಿನ ಪ್ರಕಾರ 42 ಶೇಕಡ ಇಳಿಕೆ. ಸುರುಳಿ ಕ್ಲಿಪ್ ದೊಡ್ಡ ತುಂಡಿನ ಒಳಗೆ. ಕ್ಲಿಪ್ ಇರುವ ಕಂಕುಳಿನ ಗ್ರಂಥಿಯ ಹೊರಪದರ 6 ಮಿ.ಮೀ. ಇದ್ದದ್ದು ಈಗ 2 ಮಿ.ಮೀ. ಹೊಸ ಗಡ್ಡೆ ಕಂಡಿಲ್ಲ.’

ಏನೂ ಕಾಣದಿದ್ದಾಗ: ‘ಅಲ್ಟ್ರಾಸೌಂಡ್‌ನಲ್ಲಿ ಗುರುತಿಸಬಹುದಾದ ಗಡ್ಡೆ ಉಳಿದಿಲ್ಲ; ಕ್ಲಿಪ್ ಇಂಥಲ್ಲಿ, ಚರ್ಮದಿಂದ ಇಷ್ಟು ಆಳದಲ್ಲಿ ಇದೆ.’ ಕ್ಲಿಪ್ ಸಿಗದಿದ್ದರೆ ಅದನ್ನೂ ಬರೆಯಿರಿ. ಕೈಗೆ ಗಂಟು ಸಿಗುತ್ತಿದ್ದು ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ಅದನ್ನು ಮುಚ್ಚಿಡಬೇಡಿ, ಹೊಂದಾಣಿಕೆಯಾಗದಿರುವುದೂ ಮಾಹಿತಿಯೇ.

ಸ್ಕ್ಯಾನ್‌ಗೆ ಹೋಗುವವರಿಗೆ

ಖಾಲಿ ಹೊಟ್ಟೆ ಬೇಕಿಲ್ಲ, ಬೇರೆ ತಯಾರಿಯೂ ಇಲ್ಲ. ಮೊದಲ ಸ್ಕ್ಯಾನ್‌ನ ಚಿತ್ರಗಳಿರುವ ಸಿಡಿ ಅಥವಾ ಫಿಲ್ಮ್, ಕ್ಲಿಪ್ ಇಟ್ಟಾಗ ಕೊಟ್ಟ ಕಾಗದ, ಬಯಾಪ್ಸಿ ವರದಿ, ಕೀಮೋ ಸುತ್ತುಗಳ ದಿನಾಂಕ ಜೊತೆಗಿರಲಿ. ಮೊದಲು ಮಾಡಿಸಿದ ಕಡೆಯಲ್ಲೇ ಮಾಡಿಸಲು ಸಾಧ್ಯವಾದರೆ ಹಾಗೆಯೇ ಮಾಡಿ. ಕೈಗೆ ಗಂಟು ಇನ್ನೂ ಸಿಗುತ್ತಿದ್ದರೆ ಜಾಗ ತೋರಿಸಿ. ಸ್ಕ್ಯಾನ್ ಮಾಡುವವರು ಒಂದೇ ಕಡೆ ಹೆಚ್ಚು ಹೊತ್ತು ನಿಂತರೆ ಗಾಬರಿಯಾಗಬೇಡಿ; ಬಹಳ ಸಲ ಅವರು ಹುಡುಕುತ್ತಿರುವುದು ಕ್ಲಿಪ್ ಅನ್ನು.

ಶಸ್ತ್ರಚಿಕಿತ್ಸೆಯ ನಂತರ

ತೆಗೆದ ಭಾಗದಲ್ಲಿ ಕ್ಲಿಪ್ ಬಂದಿದೆಯೇ ಎಂದು ಆಪರೇಷನ್ ನಡೆಯುತ್ತಿರುವಾಗಲೇ ಎಕ್ಸ್-ರೇ ತೆಗೆದು ನೋಡಬೇಕು. ಆಮೇಲೆ ಪೆಥಾಲಜಿ ವರದಿ ಬಂದಾಗ ಅದರ ಅಳತೆಯನ್ನು ನಿಮ್ಮ ಅಳತೆಯ ಪಕ್ಕದಲ್ಲಿಟ್ಟು ಒಂದು ಪಟ್ಟಿ ಮಾಡುತ್ತಾ ಹೋಗಿ: ಗಡ್ಡೆಯ ಬಗೆ, ಸ್ಕ್ಯಾನ್ ಅಳತೆ, ಪೆಥಾಲಜಿ ಅಳತೆ, ಕುಗ್ಗಿದ ರೀತಿ. ಸ್ಕ್ಯಾನ್ ಅಳತೆ ಪದೇ ಪದೇ ಕಡಿಮೆ ಬರುತ್ತಿದ್ದರೆ ತುಂಡುಗಳನ್ನು ಬಿಟ್ಟು ಅಳೆಯುತ್ತಿದ್ದೀರಿ ಅಥವಾ ಪ್ರೋಬ್ ಒತ್ತುತ್ತಿದ್ದೀರಿ. ಪದೇ ಪದೇ ಹೆಚ್ಚು ಬರುತ್ತಿದ್ದರೆ ಕಲೆಯನ್ನು ಗಡ್ಡೆಯೊಂದಿಗೆ ಸೇರಿಸುತ್ತಿದ್ದೀರಿ. ಎರಡನೆಯದನ್ನು ಸ್ವಲ್ಪ ಮಟ್ಟಿಗೆ ಸಹಿಸಬಹುದು. ಮೊದಲನೆಯದು ಕಂಡರೆ ಮುಂದಿನ ಸ್ಕ್ಯಾನ್‌ನಿಂದಲೇ ಎರಡು ಸೆಂಟಿಮೀಟರ್ ಇನ್ನೂ ಆಚೆಗೆ ಹುಡುಕಲು ಶುರು ಮಾಡಿ.